‘ಗೊತ್ತಿಲ್ಲ’ ಅನ್ನಲು ನಮಗೇಕೆ ಇಷ್ಟು ನಾಚಿಕೆ?

ಎಂಎಚ್ 370 ವಿಮಾನ ಎಲ್ಲಿಗೆ ಹೋಯಿತು ಎಂದು ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ಕೇಳಿ ನೋಡಿ. ಹತ್ತು ಜನರಲ್ಲಿ ಹನ್ನೆರಡು ಉತ್ತರ ಸಿಗುತ್ತದೆ. ಅಮೆರಿಕದವರು ಡಿಯಾಗೊ ಗಾರ್ಸಿಯಾದಲ್ಲಿ ಇಳಿಸಿಕೊಂಡರು, ಕಜಕಸ್ತಾನದಲ್ಲಿ ಅಡಗಿಸಿದ್ದಾರೆ, ಪೈಲಟ್ ಬೇಕೆಂದೇ ಮುಳುಗಿಸಿದ, ಕಪ್ಪು ರಂಧ್ರ ನುಂಗಿತು. ಬಸ್ಸಿಗೆ ಕಾಯುವವರನ್ನು ನಾನು ದೂರುವುದಿಲ್ಲ. ಬಸ್ಸು ಬರುವ ತನಕ ಏನಾದರೊಂದು ಮಾತು ಬೇಕಲ್ಲ. ನನ್ನ ಸಿಟ್ಟು ಈ ಮಾತುಗಳಿಗೆ ಸುದ್ದಿಯ ಅಂಗಿ ತೊಡಿಸಿ ಊರಿಗೆ ಕಳಿಸಿದವರ ಮೇಲೆ. ಕಪ್ಪು ರಂಧ್ರದ ಪ್ರಶ್ನೆ ಹುಟ್ಟಿದ್ದು ಬಸ್ ನಿಲ್ದಾಣದಲ್ಲಲ್ಲ ಮಾರಾಯ್ರೆ, ಅಮೆರಿಕದ ದೊಡ್ಡ ಸುದ್ದಿವಾಹಿನಿಯೊಂದರ ಸ್ಟುಡಿಯೋದಲ್ಲಿ. ಇತ್ತ ಕ್ವಾಲಾಲಂಪುರದ ವಿಮಾನ ನಿಲ್ದಾಣದಲ್ಲಿ ಒಬ್ಬ ಮಾಂತ್ರಿಕ ತೆಂಗಿನಕಾಯಿ, ಬಿದಿರಿನ ದುರ್ಬೀನು ಹಿಡಿದು ವಿಮಾನ ಹುಡುಕಿದ. ಅವನನ್ನು ನೋಡಿ ಜಗತ್ತೇ ನಕ್ಕಿತು. ಸ್ಟುಡಿಯೋದವರು ಮಾಡಿದ್ದೂ ಅದನ್ನೇ ಅಲ್ಲವೇ? ಅವರ ಕೈಯಲ್ಲಿ ತೆಂಗಿನಕಾಯಿ ಇರಲಿಲ್ಲ, ಅಷ್ಟೇ.

ಮೊದಲು ಗೊತ್ತಿರುವುದನ್ನು ಹೇಳಿಬಿಡೋಣ. 2014ರ ಮಾರ್ಚ್ 8ರ ನಸುಕಿನಲ್ಲಿ ಕ್ವಾಲಾಲಂಪುರದಿಂದ ಬೀಜಿಂಗಿಗೆ ಹೊರಟ ಬೋಯಿಂಗ್ 777. ಒಳಗೆ 239 ಜನ, ಅವರಲ್ಲಿ 5 ಮಂದಿ ಭಾರತೀಯರು. 1.19ಕ್ಕೆ ಪೈಲಟ್ ‘ಗುಡ್ ನೈಟ್’ ಹೇಳಿದ್ದು ಕೊನೆಯ ಮಾತು. ಎರಡು ನಿಮಿಷದಲ್ಲಿ ಟ್ರಾನ್ಸ್‌ಪಾಂಡರ್ ಮೌನವಾಯಿತು. ವಿಮಾನ ಹಿಂದಕ್ಕೆ ತಿರುಗಿ ಮಲೇಷ್ಯಾವನ್ನು ದಾಟಿ ಹೋದದ್ದು ಮಿಲಿಟರಿ ರಾಡಾರಿನಲ್ಲಿ 2.22ರ ತನಕ ಕಂಡಿತು. ಆಮೇಲೂ ಬೆಳಿಗ್ಗೆ 8.19ರವರೆಗೆ ವಿಮಾನದ ಉಪಕರಣ ಆಗಾಗ ಉಪಗ್ರಹಕ್ಕೆ ಓಗೊಡುತ್ತಿತ್ತು.

ಆ ಓಗೊಡುವಿಕೆಯಲ್ಲಿ ಊರು, ದಿಕ್ಕು ಯಾವುದೂ ಇರಲಿಲ್ಲ. ಜಾತ್ರೆಯ ಕದೋನಿ ಸದ್ದು ಎಷ್ಟು ತಡವಾಗಿ ಕೇಳಿತು ಎಂಬುದರಿಂದ ಅದು ಎಷ್ಟು ದೂರದ್ದು ಎಂದು ಹೇಳಬಹುದಲ್ಲ, ಹಾಗೆ. ಸಂಕೇತ ಬರಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕಿದರು. ಸಂಕೇತದ ತರಂಗಾಂತರ ಎಷ್ಟು ಜಾರಿದೆ ಎಂದು ನೋಡಿ ಉತ್ತರವೋ ದಕ್ಷಿಣವೋ ಎಂದು ಅಳೆದರು. ಹೀಗೆ ದಕ್ಷಿಣ ಹಿಂದೂ ಮಹಾಸಾಗರದ ಒಂದು ಉದ್ದದ ಕಮಾನುಗೆರೆ ಸಿಕ್ಕಿತು. 2015ರ ಜುಲೈ 29ರಂದು ರೆಯೂನಿಯನ್ ದ್ವೀಪದಲ್ಲಿ ಕಡಲತೀರ ಸ್ವಚ್ಛ ಮಾಡುತ್ತಿದ್ದವರಿಗೆ ರೆಕ್ಕೆಯ ತುಂಡು ಸಿಕ್ಕಿತು. ಅದು ಅದೇ ವಿಮಾನದ್ದೆಂದು ಖಚಿತವಾಯಿತು. ಸುಮಾರು 1,20,000 ಚದರ ಕಿಲೋಮೀಟರ್ ಸಮುದ್ರದ ತಳ ಜಾಲಾಡಿ 2017ರ ಜನವರಿಯಲ್ಲಿ ಹುಡುಕಾಟ ನಿಲ್ಲಿಸಿದರು. 2018ರ ಜುಲೈನಲ್ಲಿ ಬಂದ ಮಲೇಷ್ಯಾದ ತನಿಖಾ ವರದಿ ಕಾರಣವನ್ನು ನಿರ್ಧರಿಸಲು ಆಗಿಲ್ಲ ಎಂದಿತು.

ಇದರಲ್ಲಿ ಊಹೆ ಇಲ್ಲವೇ? ಇದೆ. ಆದರೆ ಆ ಊಹೆ ತನ್ನನ್ನೇ ಪರೀಕ್ಷೆಗೆ ಒಡ್ಡಿಕೊಂಡಿದೆ. ರೆಕ್ಕೆಯ ತುಂಡು ಜಪಾನಿನ ತೀರದಲ್ಲಿ ಸಿಕ್ಕಿದ್ದರೆ ಆ ಲೆಕ್ಕ ಬಿದ್ದು ಹೋಗುತ್ತಿತ್ತು. ಡಿಯಾಗೊ ಗಾರ್ಸಿಯಾ ಕತೆಗೆ ಅಂಥ ಭಯವಿಲ್ಲ. ತುಂಡು ಸಿಕ್ಕಿದರೆ ‘ಅವರೇ ಎಸೆದದ್ದು’, ಸಿಗದಿದ್ದರೆ ‘ಅವರೇ ಮುಚ್ಚಿಟ್ಟದ್ದು’. ಏನು ಬಂದರೂ ಸೋಲದ ಮಾತು ಸುದ್ದಿ ಆಗುವುದು ಹೇಗೆ?

ಊಹೆಯಿಂದ ಯಾರಿಗೇನು ನಷ್ಟ ಎನ್ನುವವರಿದ್ದಾರೆ. ಆ ವಿಮಾನದಲ್ಲಿ ಕದ್ದ ಪಾಸ್‌ಪೋರ್ಟಿನಲ್ಲಿ ಹೋಗುತ್ತಿದ್ದ ಇಬ್ಬರು ಇರಾನಿ ಯುವಕರಿದ್ದರು. ಸುದ್ದಿ ಹೊರಬಿದ್ದದ್ದೇ ತಡ, ‘ಭಯೋತ್ಪಾದಕರು’ ಎಂಬ ಗುಸುಗುಸು ಜಗತ್ತಿಡೀ ಹಬ್ಬಿತು. ಕೆಲವೇ ದಿನಗಳಲ್ಲಿ ಇಂಟರ್‌ಪೋಲ್ ಇದು ಭಯೋತ್ಪಾದನೆಯಂತೆ ಕಾಣುತ್ತಿಲ್ಲ ಎಂದಿತು. ಯುರೋಪಿನಲ್ಲಿ ಆಶ್ರಯ ಹುಡುಕಿ ಹೊರಟವರು ಅವರು. ಪೈಲಟ್ ವಿಷಯವೂ ಹಾಗೆಯೇ. ಅವರ ಮನೆಯ ಸಿಮ್ಯುಲೇಟರಿನಲ್ಲಿ ಹಿಂದೂ ಮಹಾಸಾಗರದ ದಕ್ಷಿಣದತ್ತ ಹೋಗುವ ದಾರಿಯ ಗುರುತುಗಳಿದ್ದುದು ನಿಜ. ಅದನ್ನು ಬರೆಯಬೇಕು. ಅಷ್ಟನ್ನೇ ಹಿಡಿದು ಕೊಲೆಗಾರನ ಪಟ್ಟ ಕಟ್ಟಲು ತನಿಖಾಧಿಕಾರಿಗಳಿಗೇ ಧೈರ್ಯ ಬರಲಿಲ್ಲ, ಆ್ಯಂಕರಿಗೆ ಎಲ್ಲಿಂದ ಬಂತು?

ದೂರದ ಮಾತು ಬಿಡಿ. ಮಲ್ಪೆಗೆ ಬನ್ನಿ. 2018ರ ಡಿಸೆಂಬರ್ 13ರಂದು ಏಳು ಮಂದಿ ಮೀನುಗಾರರೊಂದಿಗೆ ಹೊರಟ ‘ಸುವರ್ಣ ತ್ರಿಭುಜ’ ದೋಣಿ 15ರ ನಸುಕಿನ ನಂತರ ಸಂಪರ್ಕಕ್ಕೆ ಸಿಗಲಿಲ್ಲ. ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗೆ ಇಳಿದರು. 2019ರ ಮೇ ಮೊದಲ ವಾರ ನೌಕಾಪಡೆಯ ‘ಐಎನ್‌ಎಸ್ ನಿರೀಕ್ಷಕ್’ ಅದರ ಅವಶೇಷ ಪತ್ತೆ ಮಾಡಿದ ಸುದ್ದಿ ಬಂತು: ಮಹಾರಾಷ್ಟ್ರದ ಮಾಲ್ವಣ್ ತೀರದಿಂದ ಸುಮಾರು 33 ಕಿಲೋಮೀಟರ್ ದೂರ, 60 ಮೀಟರ್ ಆಳ.

ನಡುವಿನ ಆ ನಾಲ್ಕೂವರೆ ತಿಂಗಳು ಎರಡು ಬಗೆಯ ಮಾತು ಓಡಾಡಿತು. ಒಂದು: ಕಡಲ್ಗಳ್ಳರು ಹೊತ್ತೊಯ್ದಿದ್ದಾರೆ, ಅಪಹರಣವಾಗಿದೆ. ಇನ್ನೊಂದು: ದೊಡ್ಡ ಹಡಗು ಡಿಕ್ಕಿ ಹೊಡೆಯಿತೇ, ಅದು ನೌಕಾಪಡೆಯದ್ದೇ ಹಡಗೇ? ಎರಡೂ ಊಹೆಯೇ. ಆದರೆ ಎರಡನೆಯದಕ್ಕೆ ಉತ್ತರ ಹುಡುಕುವ ದಾರಿ ಇತ್ತು. ಆ ರಾತ್ರಿ ಆ ದಾರಿಯಲ್ಲಿ ಯಾವ ಹಡಗು ಸಾಗಿತು, ಯಾವುದರ ತಳಕ್ಕೆ ಪೆಟ್ಟಾಗಿದೆ ಎಂದು ಕೇಳಬಹುದಿತ್ತು. ಮೀನುಗಾರರು ಕೇಳಿದ್ದೂ ಅದನ್ನೇ. ಕಡಲನ್ನು ಬಲ್ಲವರ ಪ್ರಶ್ನೆ ಅದು. ಅಪಹರಣದ ಮಾತಿಗೆ ಅಂಥ ಯಾವ ಬುಡವೂ ಇರಲಿಲ್ಲ. ಅದರ ಪೆಟ್ಟು ಬಿದ್ದದ್ದು ಎಲ್ಲಿಗೆ ಗೊತ್ತೇ? ಅಪಹರಣ ಎಂದರೆ ಬದುಕಿದ್ದಾರೆ ಎಂದರ್ಥ. ಬದುಕಿರುವವರಿಗೆ ಬೊಜ್ಜ ಮಾಡುವುದು ಹೇಗೆ? ಒಂದು ಮನೆಯವರು ಅಳಲೂ ಆಗದೆ, ಕಾಯಲೂ ಆಗದೆ ಕೂರುವಂತೆ ಮಾಡುವ ಹಕ್ಕನ್ನು ಯಾವ ಟಿಆರ್‌ಪಿ ಕೊಡುತ್ತದೆ?

ವಿಮಾನ ಕಣ್ಣೆದುರೇ ಇದ್ದಾಗಲೂ ಊಹೆ ಸುಮ್ಮನಿರುವುದಿಲ್ಲ. 2010ರ ಮೇ 22ರಂದು ಬಜಪೆಯಲ್ಲಿ ದುಬೈ ವಿಮಾನ ಕಣಿವೆಗೆ ಉರುಳಿ 158 ಮಂದಿ ಸತ್ತರು, 8 ಮಂದಿ ಬದುಕಿದರು. ಅಂದು ಇಡೀ ಪಾಪವನ್ನು ಗುಡ್ಡದ ತಲೆಯ ಮೇಲಿನ ರನ್‌ವೇಗೆ ಹೊರಿಸಿದವರು ಕಡಿಮೆಯಲ್ಲ. ಧ್ವನಿಮುದ್ರಿಕೆ ಕೇಳಿದ ತನಿಖಾ ತಂಡ ಬೇರೆಯೇ ಹೇಳಿತು: ಕ್ಯಾಪ್ಟನ್ ಹಾರಾಟದ ನಡುವೆ ಬಹಳ ಹೊತ್ತು ನಿದ್ದೆ ಮಾಡಿದ್ದರು, ಹತೋಟಿ ತಪ್ಪಿದ ಇಳಿಯುವಿಕೆಯನ್ನು ಕೈಬಿಡಲಿಲ್ಲ, ಸಹ ಪೈಲಟ್ ಮೂರು ಬಾರಿ ಮತ್ತೆ ಮೇಲೇರಲು ಹೇಳಿದ್ದರು. ಕೂಳೂರು–ತಣ್ಣೀರುಬಾವಿ ಬಳಿ ಗುರುತು ಸಿಗದ 12 ದೇಹಗಳನ್ನು ಮಣ್ಣು ಮಾಡಿದ ಜಾಗವಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಗಲ್ಫಿಗೆ ಜನ ಕಳಿಸದ ಊರು ಎಷ್ಟಿದೆ ಹೇಳಿ? ನಮ್ಮ ಓದುಗರಿಗೆ ವಿಮಾನ ಎನ್ನುವುದು ಮನೆಯ ಮಾತು.

ಸರಕಾರಗಳು ಬಾಯಿ ಮುಚ್ಚಿಕೊಂಡರೆ ಜನ ಊಹಿಸದೆ ಏನು ಮಾಡಬೇಕು ಎಂಬ ವಾದ ಸುಳ್ಳಲ್ಲ. ರಾಡಾರಿನಲ್ಲಿ ವಿಮಾನ ಪಶ್ಚಿಮಕ್ಕೆ ತಿರುಗಿದ್ದು ದಾಖಲಾಗಿದ್ದರೂ, ಪೂರ್ವದ ದಕ್ಷಿಣ ಚೀನಾ ಸಮುದ್ರದಲ್ಲಿ ಒಂದು ವಾರ ಹುಡುಕಾಟ ನಡೆಯಿತು. ಮಲೇಷ್ಯಾದ ಪ್ರಧಾನಿ ಅದನ್ನು ಬಿಡಿಸಿ ಹೇಳಿದ್ದು ಮಾರ್ಚ್ 15ಕ್ಕೆ. ಆ ಮೌನಕ್ಕೆ ಛೀಮಾರಿ ಹಾಕಲೇಬೇಕು. ಆದರೆ ಮೌನಕ್ಕೆ ಮದ್ದು ಪ್ರಶ್ನೆಯೇ ಹೊರತು ಕತೆಯಲ್ಲ. ಪ್ರಶ್ನೆ ಅಧಿಕಾರಿಯ ಕುರ್ಚಿ ಬಿಸಿ ಮಾಡುತ್ತದೆ. ಕತೆ ಅವನಿಗೆ ನೆರಳು ಕೊಡುತ್ತದೆ. ‘ಇವರೆಲ್ಲ ಬಾಯಿಗೆ ಬಂದದ್ದು ಹೇಳುವವರು’ ಎಂದು ನಿಜವಾದ ಪ್ರಶ್ನೆಯನ್ನೂ ಅದರ ಜೊತೆಗೇ ಗುಡಿಸಿ ಹಾಕುತ್ತಾನೆ.

ಬದಲಾವಣೆ ತಂದದ್ದೂ ಪ್ರಶ್ನೆಗಳೇ. ವಿಮಾನ ಸಮುದ್ರದ ಮೇಲಿರುವಾಗ ಎಲ್ಲಿದೆ ಎಂದು ಕನಿಷ್ಠ 15 ನಿಮಿಷಕ್ಕೊಮ್ಮೆ ತಿಳಿಯಬೇಕೆಂಬ ಅಂತಾರಾಷ್ಟ್ರೀಯ ನಿಯಮ 2018ರ ನವೆಂಬರಿನಲ್ಲಿ ಜಾರಿಗೆ ಬಂತು. ನಮ್ಮಲ್ಲಿ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರುಗಳನ್ನು ದೇಶದ 1 ಲಕ್ಷ ಮೀನುಗಾರಿಕಾ ದೋಣಿಗಳಿಗೆ ಅಳವಡಿಸುವ ಯೋಜನೆ ಬಂದಿದೆ. ಮಲ್ಪೆ, ಮಂಗಳೂರಿನ ಎಷ್ಟು ದೋಣಿಗಳಲ್ಲಿ ಅದು ಇದೆ? ಇರುವುದರಲ್ಲಿ ಎಷ್ಟು ನಡೆಯುತ್ತಿವೆ? ಬಂದರಿಗೆ ಹೋಗಿ ಎಣಿಸಿದರೆ ಸಿಗುವ ಸುದ್ದಿ ಇದು. ಜ್ಯೋತಿಷಿ ಬೇಡ, ಗ್ರಾಫಿಕ್ಸ್ ಬೇಡ.

ಗ್ರಾಮೀಣ ಪತ್ರಿಕೋದ್ಯಮ ಓದಿ ತಾಲೂಕಿನಲ್ಲಿ ಬರೆಯುತ್ತಿರುವ ಗೆಳೆಯರೇ, ನಾಳೆ ನೇತ್ರಾವತಿಯ ನೆರೆಯಲ್ಲಿ ಯಾರೋ ಕೊಚ್ಚಿಹೋಗುತ್ತಾರೆ. ಸಂಜೆಯೊಳಗೆ ‘ಕಾರಣ ಏನಂತೆ?’ ಎಂದು ಡೆಸ್ಕಿನಿಂದ ಫೋನು ಬರುತ್ತದೆ. ಕೊನೆಗೆ ನೋಡಿದ್ದು ಯಾರು, ಎಷ್ಟು ಹೊತ್ತಿಗೆ, ಹುಡುಕುತ್ತಿರುವವರು ಯಾರು, ಅವರ ಬಳಿ ದೋಣಿ ಇದೆಯೇ ಎಂದು ಕೇಳಿ ಬರೆಯಿರಿ. ಕಾರಣದ ಜಾಗದಲ್ಲಿ ‘ಇನ್ನೂ ಗೊತ್ತಾಗಿಲ್ಲ’ ಎಂದು ಬರೆಯಿರಿ. ಎರಡೇ ಪದ, ಜಾಗವೂ ಉಳಿಯುತ್ತದೆ. ಡೆಸ್ಕಿನವರು ಬೈದರೆ ಬೈಯಲಿ. ಆ ಮನೆಯವರು ಮರುದಿನ ಬೆಳಿಗ್ಗೆ ಪೇಪರ್ ಬಿಡಿಸುವಾಗ ನೀವು ಬರೆದದ್ದನ್ನೇ ಓದುತ್ತಾರೆ.