ಹುಡುಗ ಸುಳ್ಳು ಹೇಳ್ತಾನೆ ಅಂದರು

ರಜೆಯಲ್ಲಿ ಅರಭಾವಿಯ ಮನೆಯಲ್ಲಿ ಅಣ್ಣನ ಮೊಬೈಲಿನಲ್ಲಿ ‘ದಿ ನೈಟ್ ಆಫ್ ದಿ ಹಂಟರ್’ ನೋಡಿದೆ. 1955ರ ಕಪ್ಪು-ಬಿಳುಪು ಚಿತ್ರ. ನಟ ಚಾರ್ಲ್ಸ್ ಲಾಟನ್ ನಿರ್ದೇಶಿಸಿದ ಒಂದೇ ಸಿನಿಮಾ, ಆಗ ಓಡಲೂ ಇಲ್ಲವಂತೆ.

ದರೋಡೆ ಮಾಡಿದ ತಂದೆ 10,000 ಡಾಲರನ್ನು ಮಗಳ ಗೊಂಬೆಯಲ್ಲಿ ಬಚ್ಚಿಟ್ಟು ಗಲ್ಲಿಗೇರುತ್ತಾನೆ. ಜೈಲಿನಲ್ಲಿ ಅವನ ಜೊತೆಗಿದ್ದ ಪೊವೆಲ್ ಎಂಬ ಪ್ರವಚನಕಾರ ಆ ಹಣ ಹುಡುಕಿಕೊಂಡು ಊರಿಗೆ ಬರುತ್ತಾನೆ. ಬಾಯಲ್ಲಿ ದೇವರ ಹಾಡು, ಒಂದು ಕೈಯ ಬೆರಳುಗಳ ಮೇಲೆ ಪ್ರೀತಿ, ಇನ್ನೊಂದರ ಮೇಲೆ ದ್ವೇಷ ಎಂಬ ಹಚ್ಚೆ. ಊರೆಲ್ಲ ಮರುಳು. ವಿಧವೆ ತಾಯಿ ಅವನನ್ನೇ ಮದುವೆಯಾಗುತ್ತಾಳೆ. ‘ಅವನು ಹಣ ಕೇಳಿದ’ ಎಂದು ಮಗ ಜಾನ್ ಹೇಳಿದರೆ ಅವಳಿಗೆ ಅದು ಸುಳ್ಳು. ಕಡೆಗೆ ತಾಯಿಯೂ ಅವನ ಕೈಯಲ್ಲೇ ಸಾಯುತ್ತಾಳೆ. ಮಕ್ಕಳಿಬ್ಬರೂ ದೋಣಿ ಹತ್ತಿ ನದಿಯಲ್ಲಿ ಓಡಿಹೋಗುತ್ತಾರೆ.

ಚಾಕುವಿಗಿಂತ ನನಗೆ ಹೆದರಿಕೆ ತಂದದ್ದು ಆ ಊರ ಜನ. ಪೊವೆಲ್‌ನನ್ನು ಹೊಗಳಿದವರೇ ಅವನು ಸಿಕ್ಕಿಬಿದ್ದ ಮೇಲೆ ‘ಕೊಲ್ಲಿರಿ’ ಎಂದು ಎಲ್ಲರಿಗಿಂತ ಮುಂದೆ ಓಡುತ್ತಾರೆ. ಜಾನ್‌ಗೆ ತಪ್ಪಾಯಿತು ಎಂದವರು ಒಬ್ಬರೂ ಇಲ್ಲ.

ಧರ್ಮದ ವಿರುದ್ಧದ ಸಿನಿಮಾ ಎಂದು ಗೆಳೆಯನೊಬ್ಬ ಅಂದ. ನಾನು ಒಪ್ಪುವುದಿಲ್ಲ. ಮಕ್ಕಳಿಗೆ ಆಸರೆ ಕೊಡುವ ಮುದುಕಿ ರೇಚಲ್ ಕೂಡ ದೈವಭಕ್ತೆಯೇ. ರಾತ್ರಿ ಅವನು ಅಂಗಳದಲ್ಲಿ ಹಾಡುತ್ತಿದ್ದರೆ, ಇವಳು ಬಂದೂಕು ಹಿಡಿದು ಕೂತು ಅದೇ ಹಾಡಿಗೆ ದನಿಗೂಡಿಸುತ್ತಾಳೆ. ನಾವು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ ಸೂರಾ ಮಾಊನ್ ಯಾರನ್ನು ಖಂಡಿಸುತ್ತದೆ? ಯತೀಮ ಮಗುವನ್ನು ದೂಡುವವರನ್ನು, ಜನರಿಗೆ ತೋರಿಸಲು ನಮಾಜ್ ಮಾಡುವವರನ್ನು. ಇಬ್ಬರನ್ನೂ ಅಷ್ಟು ಚಿಕ್ಕ ಸೂರಾದಲ್ಲಿ ಒಟ್ಟಿಗೆ ಹೇಳಿದ್ದು ಏಕೆಂದು ನಾನು ಈ ಸಿನಿಮಾ ನೋಡುವವರೆಗೆ ಯೋಚಿಸಿರಲಿಲ್ಲ.

ಇದನ್ನೆಲ್ಲ ಬರೆಯಲು ಕಾರಣವಿದೆ. ಹೋದ ವರ್ಷ ಚಿಕ್ಕಪ್ಪನ ಮಗ ಪಾಠಕ್ಕೆ ಹೋಗಲ್ಲ ಅಂತ ಅತ್ತ. ಹೇಳಿಕೊಡುವವರಿಗೆ ಊರಲ್ಲಿ ಒಳ್ಳೆಯ ಹೆಸರು. ‘ಓದಲಿಕ್ಕೆ ಕಳ್ಳ’ ಎಂದೆವು. ದಿನವೂ ಸೈಕಲ್ ಮೇಲೆ ಕೂರಿಸಿಕೊಂಡು ಬಿಟ್ಟು ಬಂದವನು ನಾನೇ. ಸ್ನಾನದ ಹೊತ್ತು ಬೆನ್ನಿನ ಬಾಸುಂಡೆ ಕಂಡ ಮೇಲೆ ಎಲ್ಲರೂ ಸುಮ್ಮನಾದರು.

ನಮ್ಮ ಮನೆಗಳಲ್ಲಿ ಮಗು ಒಬ್ಬರನ್ನು ಕಂಡು ಹಿಂದೆ ಸರಿದರೆ ಮೊದಲು ‘ಸಲಾಂ ಹೇಳು’ ಎನ್ನುತ್ತೇವೆ. ಅದರ ಬದಲು ಪಕ್ಕಕ್ಕೆ ಕರೆದು ಏನಾಯಿತು ಎಂದು ಕೇಳೋಣ. ಮನೆಯವರಿಗೆ ಹೇಳಲು ಆಗದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ, ದುಡ್ಡು ಬೇಕಿಲ್ಲ. ನೋಟಿಸ್ ಬೋರ್ಡಿನಲ್ಲಿ ಆ ಸಂಖ್ಯೆ ದೊಡ್ಡದಾಗಿ ಬರೆಸಬೇಕೆಂದು ನನ್ನ ಕೋರಿಕೆ.

ತಮ್ಮ ಈಗ ಬೇರೆ ಕಡೆ ಪಾಠಕ್ಕೆ ಹೋಗುತ್ತಾನೆ, ನಡೆದುಕೊಂಡೇ. ನನ್ನ ಸೈಕಲ್ ಮಾತ್ರ ಇನ್ನೂ ಹತ್ತುವುದಿಲ್ಲ.