ಹಾಸಿಗೆ ಹಿಡಿದವರ ಮನೆಗೆ ಯಾರು ಬರುತ್ತಾರೆ?

ಆಶಾ ಕಾರ್ಯಕರ್ತೆಯರು ಮನೆಮನೆಗೆ ಒಯ್ಯುವ ಆರೋಗ್ಯ ತಪಾಸಣೆಯ ನಮೂನೆಯಲ್ಲಿ ಅರವತ್ತು ದಾಟಿದವರಿಗೆಂದೇ ಕೆಲವು ಪ್ರಶ್ನೆಗಳಿವೆ. ನಿಲ್ಲುವಾಗ, ನಡೆಯುವಾಗ ತೂರಾಡಿದಂತಾಗುತ್ತದೆಯೇ? ದಿನದ ಕೆಲಸಗಳಿಗೆ ಇನ್ನೊಬ್ಬರ ನೆರವು ಬೇಕೇ? ಹತ್ತಿರದವರ ಹೆಸರು, ಮನೆಯ ವಿಳಾಸ ಮರೆತುಹೋಗುತ್ತದೆಯೇ? ಕೇಳಬೇಕಾದ ಪ್ರಶ್ನೆಗಳೇ ಇವು. ‘ಹೌದು’ ಎಂಬ ಉತ್ತರ ಬಂದರೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು, ರೋಗಿಯನ್ನು ಅಲ್ಲಿಗೆ ಕಳಿಸಬೇಕು. ಎದ್ದು ಬಚ್ಚಲಿಗೆ ಹೋಗಲಾರದ ಅಜ್ಜಿ ನಾಲ್ಕು ಮೈಲಿ ದೂರದ ಆರೋಗ್ಯ ಕೇಂದ್ರಕ್ಕೆ ಹೋಗುವುದು ಹೇಗೆ ಎಂಬಲ್ಲಿಗೆ ನಮ್ಮ ವ್ಯವಸ್ಥೆಯ ಮಾತು ನಿಂತುಹೋಗುತ್ತದೆ.

2025ರಲ್ಲಿ ಬೆಳಗಾವಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸುದ್ದಿಯೊಂದು ರಾಜ್ಯದ ಮನಸ್ಸನ್ನು ಕಲಕಿತ್ತು. ತಂದೆತಾಯಿಯನ್ನು ದಾಖಲು ಮಾಡಿ ಮಕ್ಕಳು ಹಿಂತಿರುಗಿ ನೋಡದ ಪ್ರಕರಣಗಳು ಅದೊಂದರಲ್ಲೇ ನೂರೈವತ್ತಕ್ಕೂ ಹೆಚ್ಚು ಎಂಬ ಲೆಕ್ಕ ಹೊರಬಂತು. ಇಂಥ ಮಕ್ಕಳಿಗೆ ಬರೆದುಕೊಟ್ಟ ಆಸ್ತಿಯನ್ನು ಹಿಂಪಡೆಯಲು ಕಾನೂನಿದೆ, ಬಳಸಿ ಎಂದು ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಸೂಚಿಸಿದರು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಂ ಅದಕ್ಕೆ ದಾರಿ ಮಾಡಿಕೊಡುತ್ತದೆ. ಅದು ಬೇಕಾದ ಕಲಂ. ಆಸ್ತಿ ಬರೆಸಿಕೊಂಡು ಅಪ್ಪನನ್ನು ಬೀದಿಗೆ ಬಿಟ್ಟವನಿಗೆ ಉಪವಿಭಾಗಾಧಿಕಾರಿಯ ನೋಟಿಸು ಹೋಗಲೇಬೇಕು.

ಆದರೆ ವೃದ್ಧರ ವಿಷಯ ಬಂದಾಗಲೆಲ್ಲ ಬಿಟ್ಟುಹೋದ ಮಕ್ಕಳ ಕಥೆಯನ್ನೇ ಹೇಳುತ್ತ, ಬಿಡದೆ ನೋಡಿಕೊಳ್ಳುತ್ತಿರುವ ಲಕ್ಷಾಂತರ ಮನೆಗಳ ಮಾತನ್ನೇ ಎತ್ತದಿರುವುದು ನನಗೆ ನೋವಿನ ಸಂಗತಿ. 2017-18ರಲ್ಲಿ ದೇಶದಾದ್ಯಂತ ನಡೆದ ‘ಲಾಸಿ’ ಸಮೀಕ್ಷೆಯ ಪ್ರಕಾರ ಪೂರ್ತಿ ಒಂಟಿಯಾಗಿ ಬದುಕುತ್ತಿರುವ ಹಿರಿಯರು ಶೇ 5.7 ಮಾತ್ರ. ಗಂಡ ಹೆಂಡತಿ ಇಬ್ಬರೇ ಇರುವವರು ಸುಮಾರು ಶೇ 20. ಉಳಿದವರಲ್ಲಿ ಹೆಚ್ಚಿನವರು ಮಕ್ಕಳೊಂದಿಗೋ ಬಂಧುಗಳೊಂದಿಗೋ ಇದ್ದಾರೆ. ಅಂದರೆ ಈ ದೇಶದಲ್ಲಿ ಮುಪ್ಪು ಕಳೆಯುವ ಜಾಗ ಇವತ್ತಿಗೂ ಮನೆಯೇ. ಆ ಮನೆಯೊಳಗೆ ನಡೆಯುವ ಆರೈಕೆಗೆ ಹೊರಗಿನಿಂದ ಯಾವ ಊರುಗೋಲೂ ಇಲ್ಲ.

ನಮ್ಮದೇ ಮನೆಯ ಮಾತು ಹೇಳುತ್ತೇನೆ. ಎಂಬತ್ತೊಂದರ ಅಮ್ಮ ಬಚ್ಚಲುಮನೆಯ ಹೊಸ್ತಿಲು ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಏಳನೆಯ ದಿನ ಮನೆಗೆ ಕಳಿಸಿದರು. ಡಿಸ್ಚಾರ್ಜ್ ಚೀಟಿಯಲ್ಲಿ ಒಂಬತ್ತು ಬಗೆಯ ಮಾತ್ರೆ, ಹದಿನೈದು ದಿನ ಬಿಟ್ಟು ಬರಬೇಕೆಂಬ ಸೂಚನೆ, ‘ಎಬ್ಬಿಸಿ ಕೂರಿಸಿ, ನಡೆಸಿ’ ಎಂಬ ಒಂದು ಸಾಲು. ಹೇಗೆ ಎಬ್ಬಿಸಬೇಕು ಎಂದು ಯಾರೂ ತೋರಿಸಿರಲಿಲ್ಲ. ಎಬ್ಬಿಸಲು ಹೋದಾಗ ಅಮ್ಮ ನೋವಿನಿಂದ ಕೂಗಿಕೊಂಡರು. ಪಾಪ ಎಂದು ಮಲಗಿಸಿಯೇ ಬಿಟ್ಟೆವು. ಎರಡು ವಾರ ಕಳೆಯುವುದರೊಳಗೆ ಸೊಂಟದ ಹಿಂದೆ ಚರ್ಮ ಕೆಂಪಾಯಿತು. ನನ್ನ ಹೆಂಡತಿ ಕಾಳಜಿಯಿಂದಲೇ ಕೊಬ್ಬರಿ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದಳು. ಅದು ಮಾಡಬಾರದ ಕೆಲಸ. ಒತ್ತಡಕ್ಕೆ ಸಿಕ್ಕಿ ರಕ್ತ ಹರಿಯದೆ ಬೆಂದಂತಾದ ಚರ್ಮವನ್ನು ತಿಕ್ಕಿದರೆ ಒಳಗಿನ ಮಾಂಸ ಇನ್ನಷ್ಟು ನಲುಗುತ್ತದೆ. ಹುಣ್ಣು ಬಾಯಿಬಿಟ್ಟಿತು.

ಕೊನೆಗೆ ದಾರಿ ತೋರಿಸಿದವರು ನಮ್ಮ ಬೀದಿಯಲ್ಲೇ ಇದ್ದ, ನಿವೃತ್ತರಾಗಿದ್ದ ನರ್ಸಮ್ಮ. ‘ನೀವು ಯಾರೂ ತಪ್ಪು ಮಾಡಿಲ್ಲ, ನಿಮಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ’ ಎಂದು ಮೊದಲು ನನ್ನ ಹೆಂಡತಿಯ ಕಣ್ಣೀರು ಒರೆಸಿದರು. ಹಾಸಿಗೆಯ ಮೇಲೆ ಸೊಂಟದ ಭಾಗಕ್ಕೆ ಅಡ್ಡಲಾಗಿ ಇನ್ನೊಂದು ಬೆಡ್‌ಶೀಟ್ ಮಡಿಸಿ ಹಾಸಿದರು. ಎರಡೂ ಕಡೆ ಅದನ್ನು ಹಿಡಿದೆತ್ತಿ ಮಗ್ಗುಲು ಬದಲಿಸಿದರೆ ರೋಗಿಯ ಚರ್ಮ ಹಾಸಿಗೆಗೆ ಉಜ್ಜುವುದಿಲ್ಲ, ತಿರುಗಿಸುವವರ ಬೆನ್ನೂ ಮುರಿಯುವುದಿಲ್ಲ. ಎರಡು ತಾಸಿಗೊಮ್ಮೆ ಮಗ್ಗುಲು. ಮೊಣಕಾಲುಗಳ ನಡುವೆ ದಿಂಬು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೊಂದು ದಿಂಬು. ಮಲಗಿದಲ್ಲೇ ಗಂಜಿ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಉಂಡ ಮೇಲೂ ಅರ್ಧ ತಾಸು ಹಾಗೆಯೇ ಇರಲಿ. ಬರೀ ಗಂಜಿಯಿಂದ ಹುಣ್ಣು ಮಾಯುವುದಿಲ್ಲ, ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ ಕೊಡಿ. ಹೀಗೆ ಅವರು ನಮಗೆ ಕಲಿಸಿದ್ದು ಒಟ್ಟು ಒಂದು ಗಂಟೆ. ಆ ಒಂದು ಗಂಟೆಯನ್ನು ಆಸ್ಪತ್ರೆಯ ಏಳು ದಿನಗಳಲ್ಲಿ ಯಾರೂ ಕೊಟ್ಟಿರಲಿಲ್ಲ.

ನಾನು ಹೇಳಬೇಕೆಂದಿರುವುದು ಇದನ್ನೇ. ಮುದುಕರನ್ನು ನೋಡಿಕೊಳ್ಳುವುದನ್ನು ನಾವು ಪುಣ್ಯದ, ಋಣದ, ಸಂಸ್ಕಾರದ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೇವೆ. ಪ್ರೀತಿ ಇದ್ದರೆ ಎಲ್ಲ ತಾನೇ ಬರುತ್ತದೆ ಎಂದುಕೊಂಡಿದ್ದೇವೆ. ಬರುವುದಿಲ್ಲ. ಅದು ಕಲಿಯಬೇಕಾದ ಕೆಲಸ, ದೇಹ ದಣಿಸುವ ಕೆಲಸ, ಸರದಿಯ ಮೇಲೆ ಹಂಚಿಕೊಳ್ಳಬೇಕಾದ ಕೆಲಸ. ಹಾಗೆ ಒಪ್ಪಿಕೊಂಡ ದಿನವೇ ಅದಕ್ಕೆ ತರಬೇತಿ, ಸಂಬಳ, ಬಿಡುವು, ಸಲಕರಣೆಗಳ ಪ್ರಶ್ನೆ ಏಳುತ್ತದೆ.

ಕಲಿಕೆಯ ಕೊರತೆ ಎಷ್ಟು ಆಳವಾಗಿದೆ ಎಂಬುದಕ್ಕೆ ನಮ್ಮ ಗಾದೆಯೇ ಸಾಕ್ಷಿ: ಅರವತ್ತಕ್ಕೆ ಅರಳುಮರಳು. ನಿನ್ನೆಯವರೆಗೆ ಸರಿಯಾಗಿ ಮಾತಾಡುತ್ತಿದ್ದ ಅಜ್ಜ ಇವತ್ತು ಇದ್ದಕ್ಕಿದ್ದಂತೆ ತೀರಿಹೋದವರ ಹೆಸರು ಹಿಡಿದು ಕರೆಯತೊಡಗಿದರೆ ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗುತ್ತೇವೆ. ಎರಡು ದಿನದೊಳಗೆ ಕಾಣಿಸಿಕೊಂಡ ಗೊಂದಲ ಮೂತ್ರದ ಸೋಂಕಿನಿಂದ ಬಂದಿರಬಹುದು, ರಕ್ತದಲ್ಲಿ ಸೋಡಿಯಂ ಇಳಿದದ್ದರಿಂದ ಆಗಿರಬಹುದು, ಊಟ ಕಡಿಮೆಯಾದರೂ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಹಾಗೆಯೇ ನುಂಗಿಸಿದ್ದರಿಂದ ಆಗಿರಬಹುದು. ಇವೆಲ್ಲ ಬೇಗ ಹಿಡಿದರೆ ವಾಸಿಯಾಗುವಂಥವು. ನಿಧಾನವಾಗಿ ವರ್ಷಗಟ್ಟಲೆ ಆವರಿಸುವ ಮರೆವಿನ ಕಾಯಿಲೆ ಬೇರೆಯೇ. ದೇಶದ ಹಿರಿಯರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು ಲಾಸಿಯ ಜೊತೆಗೇ ನಡೆದ ಅಧ್ಯಯನ ಅಂದಾಜಿಸಿದೆ. ಅದೂ ಕಾಯಿಲೆಯೇ ಹೊರತು ವಯಸ್ಸಿನ ಸಹಜ ಲಕ್ಷಣವಲ್ಲ. ಎರಡರ ವ್ಯತ್ಯಾಸ ಗುರುತಿಸಲು ತಿಂಗಳಿಗೊಮ್ಮೆ ಮನೆಗೆ ಬಂದು ಮಾತಾಡಿಸಿ, ಬಿಪಿ ನೋಡಿ, ಮಾತ್ರೆಯ ಡಬ್ಬಿ ಬಿಚ್ಚಿ ನೋಡುವ ಒಬ್ಬ ನರ್ಸ್ ಸಾಕು.

ಇದು ಕನಸಿನ ಬೇಡಿಕೆ ಏನಲ್ಲ. 2010-11ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಹಿರಿಯರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮದ ಮಾರ್ಗಸೂಚಿಯಲ್ಲೇ ಇದೆಲ್ಲ ಇದೆ. ಹಾಸಿಗೆ ಹಿಡಿದವರ ಮನೆಗೆ ಉಪಕೇಂದ್ರದ ಸಿಬ್ಬಂದಿ ಹೋಗಬೇಕು, ನೋಡಿಕೊಳ್ಳುವವರಿಗೆ ತರಬೇತಿ ಕೊಡಬೇಕು, ನಡೆಯಲು ಬೇಕಾದ ಸಲಕರಣೆ ಒದಗಿಸಬೇಕು. ಹದಿನೈದು ವರ್ಷ ಕಳೆದಿದೆ. ನಿಮ್ಮ ಬೀದಿಯ ಎಷ್ಟು ಮನೆಗೆ ಅಂಥವರು ಬಂದಿದ್ದಾರೆ ಎಂದು ಕೇಳಿ ನೋಡಿ. ಉಪಕೇಂದ್ರದ ಸಿಬ್ಬಂದಿಯನ್ನು ದೂರಿ ಪ್ರಯೋಜನವಿಲ್ಲ. ಲಸಿಕೆ, ಬಾಣಂತಿ, ಕ್ಷಯ, ಸಮೀಕ್ಷೆ, ಆ್ಯಪ್‌ಗೆ ಮಾಹಿತಿ ತುಂಬುವುದು ಎಲ್ಲವೂ ಅವರ ತಲೆಯ ಮೇಲೇ ಇದೆ.

ಹಣ ಎತ್ತ ಹರಿಯುತ್ತಿದೆ ಎಂಬುದನ್ನೂ ನೋಡಬೇಕು. 2024ರ ಅಕ್ಟೋಬರ್ 29ರಂದು ಎಪ್ಪತ್ತು ದಾಟಿದ ಎಲ್ಲರಿಗೂ, ಆದಾಯದ ಮಿತಿಯಿಲ್ಲದೆ, ವರ್ಷಕ್ಕೆ 5 ಲಕ್ಷ ರೂಪಾಯಿಯ ಆಯುಷ್ಮಾನ್ ಭಾರತ್ ವಿಮೆಯನ್ನು ಕೇಂದ್ರ ವಿಸ್ತರಿಸಿತು. ದೊಡ್ಡ ಹೆಜ್ಜೆಯೇ. ಆದರೆ ಆ ವಿಮೆ ಒಳರೋಗಿಗೆ ಮೀಸಲು. ಬಿಡುಗಡೆಯ ನಂತರ ಹದಿನೈದು ದಿನದ ಔಷಧಿ, ಪರೀಕ್ಷೆಯವರೆಗೆ ಅದರ ಕೈ ಚಾಚುತ್ತದೆ. ಪಾರ್ಶ್ವವಾಯು ಬಡಿದವರ ಫಿಸಿಯೋಥೆರಪಿ ತಿಂಗಳುಗಟ್ಟಲೆ ಬೇಕು. ಡಯಾಪರ್ ದಿನವೂ ಬೇಕು. ಮೂತ್ರದ ಕೊಳವೆ ಆಗಾಗ ಬದಲಾಗಬೇಕು. ಇದಾವುದೂ ಆ ಐದು ಲಕ್ಷದೊಳಗೆ ಬರುವುದಿಲ್ಲ. ಬಡ ಮನೆಯೊಂದಕ್ಕೆ ಉಳಿಯುವುದು ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200 ರೂಪಾಯಿ.

ನಮಗೆ ಒಂದಿಷ್ಟು ಅನುಕೂಲವಿತ್ತು, ಏಜೆನ್ಸಿಯೊಂದರ ಮೂಲಕ ‘ಹೋಂ ನರ್ಸ್’ ಗೊತ್ತುಮಾಡಿದೆವು. ತಿಂಗಳಿಗೆ 24,000 ಕಟ್ಟಿದೆವು. ಬಂದವಳು ಉತ್ತರ ಕರ್ನಾಟಕದ ಹಳ್ಳಿಯ ಹುಡುಗಿ, ಇಪ್ಪತ್ತೆರಡರ ಆಸುಪಾಸು. ಅವಳ ಕೈಗೆ ಸೇರುತ್ತಿದ್ದದ್ದು 15,000. ನರ್ಸಿಂಗ್ ಓದಿದವಳಲ್ಲ, ‘ಮೊದಲ ಮನೇಲಿ ಅಜ್ಜಾವರನ್ನು ನೋಡಿಕೊಂಡೇ ಕಲಿತೆ ಅಣ್ಣಾ’ ಎಂದಳು. ಹಗಲು ರಾತ್ರಿ ಅಮ್ಮನ ಮಂಚದ ಪಕ್ಕದ ಚಾಪೆಯಲ್ಲೇ ಅವಳ ವಾಸ, ತಿಂಗಳಿಗೆ ಎರಡು ರಜೆ. ಹುಡುಗಿ ಒಳ್ಳೆಯವಳಾಗಿದ್ದಳು ಎಂಬುದು ನಮ್ಮ ಅದೃಷ್ಟ. ನಾವು ಅವಳನ್ನು ಗೌರವದಿಂದ ನಡೆಸಿಕೊಂಡೆವೋ ಇಲ್ಲವೋ ಎಂದು ವಿಚಾರಿಸಲು ಯಾರೂ ಬರಲಿಲ್ಲ. ಇಂಥ ಸಂಸ್ಥೆಗಳು ನೋಂದಣಿಯಾಗಬೇಕು, ಅವಕ್ಕೆ ಕನಿಷ್ಠ ಗುಣಮಟ್ಟ ಇರಬೇಕು ಎಂದು 2019ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ, ಅದೇ 2007ರ ಕಾಯ್ದೆಯ ತಿದ್ದುಪಡಿ ಮಸೂದೆ ಹೇಳಿತ್ತು. ಆ ಲೋಕಸಭೆಯ ಅವಧಿ ಮುಗಿಯುವುದರೊಂದಿಗೆ ಮಸೂದೆಯೂ ಬಿದ್ದುಹೋಯಿತು.

ಹೋಂ ನರ್ಸ್ ಇಡಲಾಗದ ಮನೆಗಳಲ್ಲಿ ಆ ಚಾಪೆಯ ಮೇಲೆ ಮಲಗುವವರು ಸೊಸೆ, ಮಗಳು, ಅಥವಾ ತಾವೇ ಎಪ್ಪತ್ತು ದಾಟಿದ ಹೆಂಡತಿ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವರ್ಷದ ಹೆಂಗಸರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿ ದಿನಕ್ಕೆ ಸರಾಸರಿ 140 ನಿಮಿಷ ಕಳೆಯುತ್ತಾರೆ. ಗಂಡಸರಲ್ಲಿ ತೊಡಗುವವರು ಸುಮಾರು ಶೇ 21, ಸಮಯ 74 ನಿಮಿಷ. ಮಕ್ಕಳ ಪಾಲನೆಯೂ ಇದರಲ್ಲಿ ಸೇರಿದೆ. ನನ್ನ ಮನೆಯಲ್ಲಿ ಅಮ್ಮನ ಮಗ ನಾನು. ಆದರೆ ಹೋಂ ನರ್ಸ್ ಬರುವವರೆಗೆ ರಾತ್ರಿ ಎರಡಕ್ಕೆ, ನಾಲ್ಕಕ್ಕೆ ಎದ್ದು ಮಗ್ಗುಲು ಬದಲಿಸಿದವಳು ಸೊಸೆ. ‘ಅತ್ತೆ, ಒಂದ್ಸಲ ನನ್ನ ಕೊರಳು ಹಿಡ್ಕೊಳಿ’ ಎಂಬ ಅವಳ ದನಿ ನಿದ್ದೆಯಲ್ಲಿ ನನಗೆ ಕೇಳುತ್ತಿತ್ತು. ಆರು ತಿಂಗಳಲ್ಲಿ ಅವಳ ಸೊಂಟ ಹೋಯಿತು, ಬಿಪಿ ಬಂತು.

ಪಕ್ಕದ ರಾಜ್ಯಗಳು ಮನೆಯ ಆರೈಕೆಯನ್ನು ಬೇರೆಯಾಗಿ ಯೋಚಿಸಿವೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಕೆಲವು ವೈದ್ಯರು ಕಟ್ಟಿದ ನೋವು ಉಪಶಮನ ಸಂಘ ಕೇರಳದಲ್ಲಿ ಊರೂರಿನ ಸ್ವಯಂಸೇವಕರ ಚಳವಳಿಯಾಗಿ ಬೆಳೆಯಿತು. 2008ರಲ್ಲಿ ಆ ರಾಜ್ಯ ಉಪಶಾಮಕ ಆರೈಕೆಗೆ ನೀತಿಯನ್ನೇ ರೂಪಿಸಿತು. ಹಾಸಿಗೆ ಹಿಡಿದವರ ಮನೆಗೆ ಹೋಗುವ ನರ್ಸ್ ಸ್ಥಳೀಯ ಸಂಸ್ಥೆಗಳ ಜವಾಬ್ದಾರಿಯಾದರು. ಮಂಜೇಶ್ವರದ ಕನ್ನಡ ಮಾತಾಡುವ ಮನೆಗೂ ಆ ವ್ಯವಸ್ಥೆ ಅನ್ವಯಿಸುತ್ತದೆ. ತಲಪಾಡಿ ಗಡಿ ದಾಟಿ ಈಚೆ ಬಂದರೆ ಅದೇ ಕೆಲಸ ಬಹುಮಟ್ಟಿಗೆ ಟ್ರಸ್ಟುಗಳ, ದಾನಿಗಳ ಒಳ್ಳೆಯತನದ ಮೇಲೆ ನಿಂತಿದೆ. ತಮಿಳುನಾಡು 2021ರ ಆಗಸ್ಟ್‌ನಲ್ಲಿ ನಮ್ಮ ಗಡಿಗಂಟಿದ ಕೃಷ್ಣಗಿರಿ ಜಿಲ್ಲೆಯಿಂದಲೇ ‘ಮಕ್ಕಳೈ ತೇಡಿ ಮರುತ್ತುವಂ’ ಆರಂಭಿಸಿತು: ಬಿಪಿ, ಸಕ್ಕರೆ ಮಾತ್ರೆ ಮನೆಬಾಗಿಲಿಗೆ, ಜೊತೆಗೆ ಫಿಸಿಯೋಥೆರಪಿ ಮಾಡುವವರು, ಉಪಶಾಮಕ ಆರೈಕೆಯ ನರ್ಸ್.

ಕರ್ನಾಟಕ ಕೈಕಟ್ಟಿ ಕೂತಿಲ್ಲ. 2024ರ ಕೊನೆಯಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮೂವತ್ತು ದಾಟಿದವರ ಬಿಪಿ, ಸಕ್ಕರೆ, ಕ್ಯಾನ್ಸರ್ ತಪಾಸಣೆಗೆ ಸಿಬ್ಬಂದಿ ಮನೆಗೇ ಬರುತ್ತಾರೆ. ಬಾಗಿಲು ತಟ್ಟುವ ಕೈ ಇದೆಯಲ್ಲ, ಅದೇ ಈ ಯೋಜನೆಯ ದೊಡ್ಡ ಬಲ. ಅದೇ ಕೈ ಒಳಕೋಣೆಯ ಮಂಚದವರೆಗೂ ಹೋಗಲಿ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ನಗರಗಳಲ್ಲಾದರೆ ಪ್ರತಿ ‘ನಮ್ಮ ಕ್ಲಿನಿಕ್’ಗೆ, ಮನೆ ಭೇಟಿಯನ್ನೇ ಕೆಲಸವಾಗಿಸಿಕೊಂಡ ಒಬ್ಬ ನರ್ಸ್ ಬೇಕು. ಆಶಾ ಕಾರ್ಯಕರ್ತೆಯ ಹೆಗಲಿಗೆ ಇನ್ನೊಂದು ಮೂಟೆ ಹೊರಿಸಿ ಇದನ್ನು ತೀರಿಸಲಾಗದು. ಹಾಸಿಗೆ ಹಿಡಿಯುವ ಸಂಭವವಿರುವ ಯಾವ ವೃದ್ಧರನ್ನೂ ಮನೆಯವರಿಗೆ ಕೈಹಿಡಿದು ಕಲಿಸದೆ ಬಿಡುಗಡೆ ಮಾಡಕೂಡದೆಂದು ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳಿಗೆ ನಿಯಮವಾಗಬೇಕು. ಇದಕ್ಕೆ ಖರ್ಚೇ ಇಲ್ಲ ಎನ್ನಬಹುದು.

ನೋಡಿಕೊಳ್ಳುವವರಿಗೆ ಬಿಡುವು ಕೊಡುವ ಪ್ರಶ್ನೆ ಇನ್ನೂ ಕಷ್ಟದ್ದು. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯಲು ಹೊರಟ ರಾಜ್ಯ ನಮ್ಮದು. ಮಗುವಿನ ಪಾಲನೆ ತಾಯಿಯೊಬ್ಬಳ ಪಾಡಲ್ಲ, ಊರಿನ ಹೊಣೆಯೂ ಹೌದು ಎಂದು ಒಪ್ಪಿದ ಮೇಲೆ ಹಗಲು ಹೊತ್ತು ಅಜ್ಜ ಅಜ್ಜಿಯರನ್ನು ಕೂರಿಸಿ, ಊಟ ಹಾಕಿ, ಸಂಜೆ ಮನೆಗೆ ಕಳಿಸುವ ಜಾಗಕ್ಕೂ ಅದೇ ನ್ಯಾಯ ಸಲ್ಲಬೇಕು. ಮಲೆನಾಡಿನಲ್ಲಿ ಮಕ್ಕಳೆಲ್ಲ ಬೆಂಗಳೂರು ಸೇರಿ ಊರಿಗೆ ಊರೇ ವೃದ್ಧಾಶ್ರಮವಾಗಿದೆ ಎಂಬ ಮಾತು ಕೇಳಿ ಬಹಳ ವರ್ಷವಾಯಿತು. 2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರು ಶೇ 9.5 ಇದ್ದರು, 2031ಕ್ಕೆ ಅದು ಶೇ 15ರ ಹತ್ತಿರ ಬರಲಿದೆ ಎಂಬುದು ಅಧಿಕೃತ ಅಂದಾಜು.

ಸಲಕರಣೆಗಳ ವಿಷಯ ಸಣ್ಣದೆನಿಸಬಹುದು. ವಾಕರ್, ಕಮೋಡ್ ಕುರ್ಚಿ, ಏರ್‌ಬೆಡ್, ಗಾಲಿಕುರ್ಚಿ ಒಂದು ಮನೆಗೆ ಬೇಕಾಗುವುದು ಕೆಲವು ತಿಂಗಳು ಅಥವಾ ಒಂದೆರಡು ವರ್ಷ. ಆಮೇಲೆ ಅವು ಅಟ್ಟ ಸೇರುತ್ತವೆ. ಗ್ರಂಥಾಲಯ ಪುಸ್ತಕ ಕೊಟ್ಟಂತೆ ಗ್ರಾಮ ಪಂಚಾಯಿತಿಯೋ ಆರೋಗ್ಯ ಕೇಂದ್ರವೋ ಇವನ್ನು ಕಡ ಕೊಡುವ ಏರ್ಪಾಡು ಮಾಡಬಹುದು. ಅಮ್ಮ ತೀರಿಕೊಂಡ ಮೇಲೆ ನಮ್ಮ ಏರ್‌ಬೆಡ್ಡನ್ನು ನರ್ಸಮ್ಮ ತೊಳೆಸಿ, ಒಣಗಿಸಿ, ಹಿಂದಿನ ಬೀದಿಯ ಮೇಷ್ಟರೊಬ್ಬರ ಮನೆಗೆ ಕಳಿಸಿದರು. ಅಲ್ಲಿಂದ ಅದು ಎರಡು ಮನೆ ಸುತ್ತಿತು. ಹೋದ ತಿಂಗಳು ಅದರ ಮೋಟರ್ ಕೆಟ್ಟಿತ್ತು. ರಿಪೇರಿ ಮಾಡಿಸಿದ್ದೇವೆ, ಬಸ್ ಸ್ಟ್ಯಾಂಡ್ ಹತ್ತಿರದ ಮನೆಯವರು ನಾಳೆ ಬಂದು ಒಯ್ಯುತ್ತಾರೆ.