ಕಾರ್ಡು ಕೆಟ್ಟಿದೆಯೋ, ಡ್ರೈವರ್ ಇಲ್ಲವೋ?

ಹಳೆಯ ಕಂಪ್ಯೂಟರಿಗೆ ವೈ-ಫೈ ಕಾರ್ಡು ತಂದು ಕೂರಿಸಿದ್ದಾಯಿತು. ಲಿನಕ್ಸ್ ತೆರೆದರೆ ಒಂದು ವೈ-ಫೈ ಹೆಸರೂ ಕಾಣುವುದಿಲ್ಲ. ‘ಕಾರ್ಡೇ ಕೆಟ್ಟದ್ದು, ವಾಪಸು ಕೊಟ್ಟು ಬಾ’ ಎಂಬುದು ತಂದೆಯವರ ತೀರ್ಪು. ‘ಲಿನಕ್ಸೇ ಸರಿಯಿಲ್ಲ’ ಎಂಬುದು ಮಗನದು. ಎರಡೂ ಪರೀಕ್ಷೆಗೆ ಮೊದಲೇ ಬರೆದ ಫಲಿತಾಂಶಗಳು.

ಮೊದಲಿಗೆ ಪೆಟ್ಟಿಗೆಯ ಮೇಲಿನ ಹೆಸರನ್ನು ಮರೆತುಬಿಡಿ. ಕಾರ್ಡು ಮಾರುವವರು ಒಬ್ಬರು, ಅದರ ಚಿಪ್ ಮಾಡಿದವರು ಅನೇಕ ವೇಳೆ ಇನ್ನೊಬ್ಬರು. ಲಿನಕ್ಸ್ ನೋಡುವುದು ಕಾರ್ಡು ತಾನೇ ಹೇಳಿಕೊಳ್ಳುವ ಸಂಖ್ಯೆಯನ್ನು. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು, ಅಡ್ಡಗೆರೆ ಹಾಕಿ, ಎನ್‌ಎನ್‌ಕೆ ಸೇರಿಸಿ. ಇಂಟೆಲ್‌ನ ಎಎಕ್ಸ್200 ಚಿಪ್ ಇರುವ ಕಾರ್ಡಾದರೆ 8086:2723 ಎಂದು ಕಾಣುತ್ತದೆ. ಮೊದಲನೆಯದು ತಯಾರಕರ ಸಂಖ್ಯೆ, ಎರಡನೆಯದು ಚಿಪ್ಪಿನದು. (1978ರಲ್ಲಿ ಇಂಟೆಲ್ ಹೊರತಂದ ಪ್ರಸಿದ್ಧ ಪ್ರೊಸೆಸರಿನ ಹೆಸರೂ 8086. ಕಂಪನಿಗೆ ಆ ಅಂಕಿಯ ಮೇಲೆ ಅಭಿಮಾನವಿದ್ದಂತಿದೆ!)

ಆ ಸಾಲೇ ಇಲ್ಲವೆಂದರೆ ಡ್ರೈವರಿನ ಮಾತು ಈಗ ಬೇಡ. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಕಾರ್ಡನ್ನು ತೆಗೆದು ಮತ್ತೆ ಭದ್ರವಾಗಿ ಕೂರಿಸಿ. ಇನ್ನೊಂದು ಸ್ಲಾಟಿನಲ್ಲೂ ನೋಡಿ. ಬೇರೆ ಕಂಪ್ಯೂಟರಿನಲ್ಲಿಯೂ ಕಾಣದಿದ್ದರೆ ತಂದೆಯವರ ಮಾತೇ ನಿಜವೆನ್ನಬೇಕು, ಅಂಗಡಿಗೆ ಹೋಗಿ.

ಕಾರ್ಡಿನ ಸಾಲು ಇದ್ದು, ಅದರ ಕೆಳಗೆ ಬಳಕೆಯಲ್ಲಿರುವ ಡ್ರೈವರಿನ ಹೆಸರು ಇಲ್ಲದಿರುವುದೇ ಹೆಚ್ಚು ಕುತೂಹಲದ ಸಂಗತಿ. ಕಾರ್ಡು ಕಂಡಿದೆ, ಅದನ್ನು ನಡೆಸುವವರಿಲ್ಲ. ಪೆಟ್ಟಿಗೆಯಲ್ಲಿ ಬಂದ ಸಿ.ಡಿ. ಸಾಮಾನ್ಯವಾಗಿ ವಿಂಡೋಸ್‌ಗಾಗಿ ಮಾಡಿದ್ದು, ಇಲ್ಲಿ ಉಪಯೋಗಕ್ಕೆ ಬಾರದು. ಈ ಚಿಪ್ಪಿನ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲಿಯೇ ಇದೆ. ಆದರೆ 2019ರಲ್ಲಿ ಬಂದ 5.1 ಅಥವಾ ಅದಕ್ಕಿಂತ ಹೊಸ ಕರ್ನಲ್ ಬೇಕು. ಯುನೇಮ್ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆಯೊಡನೆ ಆರ್ ಸೇರಿಸಿದರೆ ನಿಮ್ಮ ಕರ್ನಲ್‌ನ ಸಂಖ್ಯೆ ತಿಳಿಯುತ್ತದೆ. ಎಂದೋ ಯಾರೋ ಕೊಟ್ಟ ಹಳೆಯ ಡಿಸ್ಕಿನಿಂದ ಲಿನಕ್ಸ್ ಹಾಕಿಕೊಂಡವರು ಎಡವುವುದು ಇಲ್ಲಿಯೇ.

ಕರ್ನಲ್ ಹೊಸದಾಗಿದ್ದರೆ ಫರ್ಮ್‌ವೇರ್ ಮೇಲೆ ಸಂಶಯಪಡಿ. ಇದು ಚಿಪ್ ಒಳಗೆ ನಡೆಯುವ ಪ್ರೋಗ್ರಾಂ. ಡ್ರೈವರ್ ಅದನ್ನು ಡಿಸ್ಕಿನಿಂದ ತೆಗೆದು ಚಿಪ್ಪಿಗೆ ತುಂಬಬೇಕು. ಆ ಕಡತ ಇಲ್ಲದಿದ್ದರೆ ಡ್ರೈವರ್ ಕಾರ್ಡನ್ನು ಕೈಬಿಡುತ್ತದೆ. ಸುಡೊ ಡಿಮೆಸ್ಜ್ ಎಂಬ ಆಜ್ಞೆ ಕೊಟ್ಟರೆ ಕರ್ನಲ್ ತನ್ನ ದಿನಚರಿಯನ್ನು ತೋರಿಸುತ್ತದೆ. ಸೂಕ್ತ ಫರ್ಮ್‌ವೇರ್ ಸಿಗಲಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಡೆಬಿಯನ್ ಬಳಸುವವರಿಗೆ ಈ ತೊಂದರೆ ಹೆಚ್ಚಾಗಿತ್ತು. 2023ರ ಡೆಬಿಯನ್ 12ರಿಂದ ಇಂಥ ಫರ್ಮ್‌ವೇರನ್ನು ಇನ್‌ಸ್ಟಾಲರಿನಲ್ಲಿಯೇ ಸೇರಿಸಿದ್ದಾರೆ.

ಜಾಲವೇ ಇಲ್ಲದಿರುವಾಗ ಆ ಕಡತ ಇಳಿಸಿಕೊಳ್ಳುವುದೆಂತು ಎಂದು ಕೇಳುವಿರಿ. ತಾಯಿಯವರ ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ, ಟೆದರಿಂಗ್ ಚಾಲೂ ಮಾಡಿ.

ವೈ-ಫೈ ಬಂದರೂ ಬ್ಲೂಟೂತ್ ಬರಲಿಲ್ಲವೇ? ಈ ಬಗೆಯ ಕಾರ್ಡುಗಳಲ್ಲಿ ಬ್ಲೂಟೂತ್ ಭಾಗವು ಸ್ಲಾಟಿನ ಮೂಲಕವಲ್ಲ, ಮದರ್‌ಬೋರ್ಡಿನ ಯುಎಸ್‌ಬಿ ಪಿನ್ನುಗಳ ಮೂಲಕ ಮಾತಾಡುತ್ತದೆ. ಖಾಲಿ ಪೆಟ್ಟಿಗೆಯ ತಳದಲ್ಲಿ ಒಂದು ಸಣ್ಣ ಕೇಬಲ್ ಉಳಿದಿದೆಯೇ ನೋಡಿ.